ಪೈಪಿನಲ್ಲಿ ಉಳಿದ ಪುಡಿ

“ಗುರುಗಳೇ, ನನ್ನ ಮೇಲೆ ಮುನಿಸಿಕೊಂಡು ಬಿಟ್ಟುಹೋಗಿದ್ದ ಅಡುಗೆಯ ತೋಟಪ್ಪ ತಿರುಗಿ ಬಂದಿದ್ದಾನೆ. ಹೊಸಬನೊಬ್ಬನೂ ಬಂದು ಕೂತಿದ್ದಾನೆ. ದಾಸೋಹಕ್ಕೆ ಯಾರನ್ನು ಇಟ್ಟುಕೊಳ್ಳಲಿ?” ಎಂದು ಮಠದ ಅಡುಗೆಮನೆ ನೋಡಿಕೊಳ್ಳುವ ಮುರಿಗೆಯ್ಯ ಕೇಳಿದ.

“ಅವಸರವೇನಪ್ಪಾ, ಕೂತುಕೋ. ಒಂದು ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ರಾಯಚೂರಿನಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದ. ಅವನ ಹೆಂಡತಿಗೆ ಹೃದಯದ ಕಾಯಿಲೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಸೆಕೆ ತಾಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ರಾಯಚೂರಿನ ಬೇಸಿಗೆ ಗೊತ್ತಲ್ಲ, ದೇವರೇ ಗತಿ! ಅಂಥ ಬೇಸಿಗೆಯ ನಡುವೆ ಕಾರಿನ ಏಸಿ ನಿಂತುಹೋಯಿತು. ಏಸಿಯ ಅನಿಲವನ್ನು ಪೈಪುಗಳಲ್ಲಿ ತಳ್ಳುವ ಕಂಪ್ರೆಸರ್ ಒಳಗೇ ಸವೆದು, ತಿರುಗದೆ ಕಚ್ಚಿಕೊಂಡಿತ್ತು.

ಮೆಕ್ಯಾನಿಕ್ ಮೌಲಾಸಾಬ ಹೇಳಿದ: “ಹೊಸದು ಹಾಕಿಸು ತಮ್ಮಾ, ಇಲ್ಲವೇ ಬಿಚ್ಚಿ ರಿಪೇರಿ ಮಾಡಿದ್ದೊಂದು ನನ್ನ ಹತ್ತಿರ ಇದೆ, ಅದನ್ನು ಹಾಕಿಸು. ಯಾವುದಾದರೂ ಸರಿ, ಮೊದಲು ಪೈಪು ತೊಳೆಯಬೇಕು. ಎರಡು ದಿನ ಗಾಡಿ ಬಿಡು.”

ಡ್ರೈವರಿಗೆ ರೇಗಿತು. “ನನ್ನ ಹೆಂಡತಿಯ ಜೀವಕ್ಕೆ ಹಳೇ ಸಾಮಾನೇ? ನಾಳೆಯೇ ಆಸ್ಪತ್ರೆಗೆ ಹೋಗಬೇಕು” ಎಂದು ಬೇರೆ ಅಂಗಡಿಗೆ ಹೋದ. ಅಲ್ಲಿ ಹೊಸ ಕಂಪ್ರೆಸರ್ ತಂದು ಎರಡು ತಾಸಿನಲ್ಲಿ ಕೂರಿಸಿಕೊಟ್ಟರು. ಪೈಪಿನ ಮಾತು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಗಾಳಿ ತಣ್ಣಗೆ ಬಂತು. ಮಹರಾಯ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಮೂರನೆಯ ವಾರ ಆಸ್ಪತ್ರೆಯ ದಾರಿಯಲ್ಲೇ ಹೊಸದೂ ಕಚ್ಚಿಕೊಂಡಿತು. ಆಕೆ ಬೆವರಿ, ಉಸಿರು ಸಿಗದೆ ಅವನ ಹೆಗಲಿಗೆ ಒರಗಿದಳು. ಟವೆಲ್ಲು ನೆನೆಸಿ ಅವಳ ತಲೆಗೆ ಹಾಕಿ, ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತು, ಹೇಗೋ ಆಸ್ಪತ್ರೆ ಮುಟ್ಟಿಸಿದ. ಪುಣ್ಯ, ಜೀವ ಉಳಿಯಿತು.

ಮರುದಿನ ತಲೆ ತಗ್ಗಿಸಿಕೊಂಡು ಮೌಲಾಸಾಬನ ಹತ್ತಿರ ಬಂದ. ಆ ಪುಣ್ಯಾತ್ಮ ಹಂಗಿಸದೆ ಕೆಲಸಕ್ಕೆ ಕೂತ. ಹೊಸ ಕಂಪ್ರೆಸರ್ ಬಿಚ್ಚಿ ಅಂಗೈಗೆ ಕೊಡವಿದ. ಲೋಹದ ಪುಡಿ ಬಿತ್ತು. ಹಳೆಯದು ಸವೆದಾಗ ಉದುರಿದ ಪುಡಿ ಪೈಪಿನಲ್ಲೇ ಕೂತಿತ್ತು. ಹೊಸದು ಅದನ್ನೇ ನುಂಗಿ ಕೆಟ್ಟಿತ್ತು. ಮೌಲಾಸಾಬ ಎರಡು ದಿನ ಕೂತು ಪೈಪುಗಳನ್ನು ತೊಳೆದ. ಆಮೇಲೆ ರಿಪೇರಿ ಮಾಡಿಟ್ಟಿದ್ದ ಕಂಪ್ರೆಸರನ್ನೇ ಹಾಕಿದ.

ಆ ಬೇಸಿಗೆ ಕಳೆಯಿತು, ಇನ್ನೊಂದೂ ಕಳೆಯಿತು. ಏಸಿ ಒಂದು ದಿನವೂ ನಿಲ್ಲಲಿಲ್ಲ. ಆಕೆ ತಾನೇ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದು, “ಅಣ್ಣಾ, ನಾನು ಉಸಿರಾಡುತ್ತಿರುವುದು ನಿನ್ನಿಂದ” ಎಂದಳು. ಡ್ರೈವರ್ ಕೈ ಮುಗಿದು ನಿಂತ. ಇಂದಿಗೂ ಆ ಕಡೆ ಹೋದರೆ ಗಾಡಿ ನಿಲ್ಲಿಸಿ, ಮೌಲಾಸಾಬನನ್ನು ಮಾತಾಡಿಸಿಯೇ ಮುಂದೆ ಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ, ತೋಟಪ್ಪನನ್ನೇ ಇಟ್ಟುಕೊಳ್ಳುತ್ತೇನೆ” ಎಂದು ಎದ್ದ.

ಗುರುಗಳು ಒಂದೇ ಮಾತು ಕೇಳಿದರು: “ಇಟ್ಟುಕೋ, ಆದರೆ ಅವನು ಮುನಿಸಿಕೊಂಡು ಹೋದದ್ದು ನಿನ್ನ ಯಾವ ಮಾತಿಗೆ?”