ಗಾಯ ಅಂಚಿನಿಂದಲೇ ಯಾಕೆ ಮಾಯುತ್ತದೆ?

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರಿರಲಿಲ್ಲ. ಬೆಟ್ಟ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಆ ಕಾಲದಲ್ಲಿ ವಟ್ಟಪ್ಪ ಅನ್ನೋ ಕಪ್ಪೆ, ನೆಗೆಯೋದು ಕಲಿತ ಮೊದಲನೇ ದಿನವೇ ಕಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿಕೊಂಡ.

ಲೋಕದ ಮೊದಲನೇ ಗಾಯ ಅದು. ಮುಚ್ಚೋದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ವಟ್ಟಪ್ಪನ ಚರ್ಮವೆಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಗುಡಾರಗಳ ಬೀದಿ. ಗಾಯದ ಅಂಚಿಗಿದ್ದ ಗುಡಾರದಲ್ಲಿ ಗಳ ನೆಟ್ಟು ಗೋಡೆ ನಿಲ್ಲಿಸುವ ಗಳದವರಿದ್ದರು. ಅವರ ಯಜಮಾನ ಕಡ್ಡಣ್ಣ. ಹೊರಗಿನ ಸುದ್ದಿ ಒಳಗೆ ಮುಟ್ಟಿಸೋಳು ಚುಟುಕಿ.

ಚುಟುಕಿ ಹೊರಗೆ ಇಣುಕಿದಳು. ಪಕ್ಕದ ಗುಡಾರವೇ ಇಲ್ಲ! ಅಲ್ಲಿ ದೊಡ್ಡ ಹೊಂಡ. ಹೊಂಡದೊಳಗೆ ಕೆಸರಿನ ಹುಳುಗಳು ಸಾಲುಗಟ್ಟಿ ಬರುತ್ತಿದ್ದವು. "ಊಟಕ್ಕೆ ಬಾಗಿಲು ತೆರೆದಿದೆ, ಬನ್ರೋ! ಕಪ್ಪೆಯನ್ನ ಒಳಗಿಂದಲೇ ತಿಂದು ಮುಗಿಸೋಣ!"

ಚುಟುಕಿ ಗುಡಾರದ ನಟ್ಟನಡುವೆ ನಿಂತು ಕಿರುಚಿದಳು: "ತಳ್ಳಿ! ಎಲ್ಲರೂ ತಳ್ಳಿ!"

ತಳ್ಳಿದರು. ಅವರವರ ಎದುರಿನ ಗೋಡೆಯನ್ನು ಅವರವರು ತಳ್ಳಿದರು. ಗುಡಾರ ಪೂರಿ ಥರ ಉಬ್ಬಿತು. ಒಂದಿಂಚೂ ಸರಿಯಲಿಲ್ಲ. ಹುಳುಗಳು ಬಿದ್ದು ಬಿದ್ದು ನಕ್ಕವು, ನಗುತ್ತಲೇ ಹತ್ತಿರ ಬಂದವು.

"ಯಾವ ಕಡೆಗೆ ಅಂತ ಹೇಳು ಮಾರಾಯ್ತಿ!" ಕಡ್ಡಣ್ಣ ಏದುಸಿರು ಬಿಟ್ಟ.

ಆ ಗದ್ದಲದಲ್ಲಿ ಹೇಳಿದರೆ ಕೇಳೋರು ಯಾರು? ಚುಟುಕಿ ಹೊಂಡದ ಕಡೆಯ ಗೋಡೆಗೇ ಓಡಿದಳು. ಆಚೆಯಿಂದ ಹುಳುಗಳು ಗೋಡೆ ಕೆರೆಯೋ ಸದ್ದು, ಕರಕರ. ಆದರೂ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತು, ಕೈಗೆ ಸಿಕ್ಕವರ ಭುಜ ತಟ್ಟಿದಳು. ತಟ್ಟಿಸಿಕೊಂಡವರು ಅಲ್ಲೇ ಗಳ ನೆಟ್ಟರು. ಗೋಡೆ ಒಂದು ಹೆಜ್ಜೆ ಮುಂದೆ ಹೋಯಿತು. ಇನ್ನೊಂದು ಹೆಜ್ಜೆ.

ಅಷ್ಟರಲ್ಲಿ ಗಳ ಮುಗಿದವು.

"ಹಿಂದಿನ ಗಳ ಕಿತ್ತು ಕೊಡಿ ಕಡ್ಡಣ್ಣ!"

"ಹುಚ್ಚಾ ನಿಂಗೆ? ಹಿಂದಿನ ಗೋಡೆ ತಲೆ ಮೇಲೆ ಬಿದ್ದರೆ?"

"ಬೀಳೋಕೆ ಬಿಡಬೇಡಿ, ಮುಂದಕ್ಕೆ ಎಳ್ಕೊಳ್ಳಿ. ನಾನಂತೂ ಇಲ್ಲಿಂದ ಕದಲಲ್ಲ."

ಕಡ್ಡಣ್ಣ ಕಣ್ಣು ಮುಚ್ಚಿಕೊಂಡು ಒಂದು ಗಳ ಕಿತ್ತ. ಗುಡಾರ ವಾಲಿತು. ವಾಲಿ, ನಿಂತಿತು. ಗಳ ಕೈಯಿಂದ ಕೈಗೆ ಹಾರಿ ಮುಂದೆ ಬಂತು. ಹಿಂದೆ ಕೀಳು, ಮುಂದೆ ನೆಡು. ಹಿಂದೆ ಕೀಳು, ಮುಂದೆ ನೆಡು. ಗುಡಾರ ತೆವಳಿತು! ಅದಕ್ಕೆ ಹಗ್ಗ ಬಿಗಿದುಕೊಂಡಿದ್ದ ಹಿಂದಿನ ಗುಡಾರಗಳೂ ಬೈದುಕೊಂಡೇ ಜೊತೆಗೆ ಹೊರಟವು. ಅದನ್ನು ನೋಡಿ ಹೊಂಡದ ಎದುರು ದಡದ ಗುಡಾರದವರೂ ಹಾಗೇ ಹೊರಟರು.

"ಓಡ್ರೋ, ಬಾಗಿಲು ಮುಚ್ತಾ ಇದೆ!" ಹುಳುಗಳು ಬಂದ ದಾರಿಯಲ್ಲೇ ಬಾಲ ಮುದುರಿಕೊಂಡು ಓಡಿದವು. ಪಟ್! ಗೋಡೆಯಾಚೆ ಎದುರು ದಡದಿಂದ ಬಂದ ಇನ್ಯಾರದೋ ಬೆನ್ನು ಬೆಚ್ಚಗೆ ತಗುಲಿತು. ಆಗಲೇ ಚುಟುಕಿ ತಟ್ಟೋದು ನಿಲ್ಲಿಸಿದ್ದು.

ಅದಕ್ಕೇ ಇವತ್ತಿಗೂ ನೀವು ಬಿದ್ದು ಮೊಣಕಾಲು ತರಚಿಕೊಂಡರೆ, ಗಾಯ ಅಂಚಿನಿಂದ ನಡುವಿಗೆ ಮಾಯುತ್ತಾ ಬರುತ್ತದೆ. ಎಷ್ಟೇ ತುರಿಸಲಿ, ಹಕ್ಕಳೆ ಮಾತ್ರ ಕೀಳಬೇಡಿ, ಅದರ ಕೆಳಗೆ ಚುಟುಕಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಾಳೆ.