ಹಾಳೆ ಮೀರಿದ ಮೀಸೆ

“ಮಾವ, ಒಂದೇ ಒಂದು ಸಂಖ್ಯೆಯನ್ನು ಬಿಟ್ಟರೆ ಚಿತ್ರ ಸರಿಯಾಗಿ ಕೂರುತ್ತದೆ ಅಂತಿದ್ದರೆ, ಬಿಡಬಹುದಾ?”

ಕಮಲಾಕ್ಷಿ ಹೀಗೆ ಕೇಳಿದ್ದು ತನ್ನ ಸೋದರಮಾವ ಜವರಪ್ಪ ಮೇಷ್ಟ್ರನ್ನು. ಅವಳಿಗೆ ಗಣಿತ ಕಲಿಸಿದ ಗುರುವೂ ಅವರೇ. ತಾವು ಸೀಮೆಸುಣ್ಣ ಕೈಗೆತ್ತಿಕೊಂಡರೆ ಸಾಕು, ಭಾಗಾಕಾರಗಳು ಹೆದರಿ ಶೇಷ ಉಳಿಸದೆ ಓಡಿಹೋಗುತ್ತಿದ್ದವು ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುತ್ತಿದ್ದರು.

“ಯಾವುದಮ್ಮ ಅಷ್ಟು ತುಂಟ ಸಂಖ್ಯೆ? ನನ್ನ ಹತ್ತಿರ ಕಳಿಸು, ಬುದ್ಧಿ ಹೇಳುತ್ತೇನೆ” ಎಂದರು ಮೇಷ್ಟ್ರು.

ಅವಳು ಹೇಳಿದಳು. ಏಳನೆಯ ತರಗತಿಯ ಹನ್ನೊಂದು ಮಕ್ಕಳಿಗೆ, ಸಂಖ್ಯೆಗಳು ಹೇಗೆ ಹರಡಿವೆ ಎಂದು ತೋರಿಸುವ ಪೆಟ್ಟಿಗೆ ನಕ್ಷೆ ಬಿಡಿಸಲು ಕಲಿಸುತ್ತಿದ್ದಳು. ಮನೆಯಿಂದ ಶಾಲೆಗೆ ಎಷ್ಟು ನಿಮಿಷ ನಡೆಯುತ್ತೀರಿ ಎಂದು ಕೇಳಿ, ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಸಿದಳು. ನಟ್ಟನಡುವೆ ಬಂದದ್ದು ಹದಿನೈದು, ಅಲ್ಲಿಗೊಂದು ಗೆರೆ. ನಡುವಿನ ಅರ್ಧದಷ್ಟು ಮಕ್ಕಳು ಹಿಡಿಸುವಂತೆ ಎಂಟರಿಂದ ಇಪ್ಪತ್ತೈದರವರೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ಎಡಕ್ಕೆ, ಎಲ್ಲಕ್ಕಿಂತ ಚಿಕ್ಕದಾದ ಮೂರರವರೆಗೆ ಒಂದು ಗೆರೆ. ಬಲಕ್ಕೆ, ಎಲ್ಲಕ್ಕಿಂತ ದೊಡ್ಡದಾದ ತೊಂಬತ್ತೈದರವರೆಗೆ ಇನ್ನೊಂದು. ಆ ಎರಡು ಗೆರೆಗಳಿಗೆ ಮಕ್ಕಳು ಮೀಸೆ ಎಂದು ಹೆಸರಿಟ್ಟರು.

ನಿಮಿಷಕ್ಕೊಂದು ಸೆಂಟಿಮೀಟರು ಎಂದು ಅಳತೆ ಹಿಡಿದಿದ್ದರು. ಡ್ರಾಯಿಂಗ್ ಹಾಳೆ ಎಪ್ಪತ್ತಕ್ಕೇ ಮುಗಿಯಿತು. ಬಲಗಡೆಯ ಮೀಸೆಗೆ ಜಾಗವೇ ಸಾಲಲಿಲ್ಲ. “ಮಾದೇವಿ ಮೀಸೆ! ಮಾದೇವಿ ಮೀಸೆ!” ಎಂದು ತರಗತಿಯೆಲ್ಲ ನಕ್ಕಿತು. ತೊಂಬತ್ತೈದು ನಿಮಿಷ ನಡೆದು ಬರುವವಳು ಗುಡ್ಡದಾಚೆಯ ಹಟ್ಟಿಯ ಮಾದೇವಿ. “ಮಿಸ್, ನಂದು ಇಪ್ಪತ್ತು ಅಂತ ಬರ್ಕೊಂಬಿಡಿ” ಎಂದು ಮೆಲ್ಲಗೆ ಹೇಳಿ ಹೋದವಳು, ಮೂರು ದಿನದಿಂದ ಶಾಲೆಗೆ ಬಂದಿರಲಿಲ್ಲ.

“ಹೆಡ್‌ಮಾಸ್ಟರೂ ಅದನ್ನು ಅಳಿಸಿ ಅಂದರು ಮಾವ. ಅಳಿಸಿದರೆ ಮಕ್ಕಳ ನಗುವೂ ನಿಲ್ಲುತ್ತದೆ, ಅವಳೂ ಬರಬಹುದು. ನಡುವಿನ ಗೆರೆಯಂತೂ ಹೆಚ್ಚೇನೂ ಅಲುಗುವುದಿಲ್ಲ.”

ಮೇಷ್ಟ್ರು ತಮ್ಮ ಮೀಸೆಯನ್ನು ಎರಡೂ ಕಡೆ ನೀವಿಕೊಂಡರು. “ಮೀಸೆಯ ವಿಷಯದಲ್ಲಿ ಈ ಜಿಲ್ಲೆಗೆಲ್ಲ ನಾನೇ ಕೊನೆಯ ಮಾತು. ಕೇಳು” ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ನೀರು ಬಿಟ್ಟ ಮೇಲೆ ಅವನು ದಿನವೂ ಕಾಲುವೆಯ ದಂಡೆ ಹಿಡಿದು ಕೊನೆಯ ಗದ್ದೆಯವರೆಗೆ ನಡೆಯುತ್ತಿದ್ದ. ಅದು ಒಬ್ಬ ಮುದುಕಿಯ ಗದ್ದೆ. ಅಲ್ಲಿ ಕಾಲೂರಿ, ಹಿಮ್ಮಡಿ ಮುಳುಗಿದರೆ ಹಿಂದಿರುಗುತ್ತಿದ್ದ.

ಕಾಲುವೆಯ ನಡುಭಾಗದಲ್ಲಿ ಒಬ್ಬ ರೈತನ ಗದ್ದೆಯಿತ್ತು. ಅವನು ಒಂದು ದಿನ ಕರೆದು ಹೇಳಿದ: “ಏನಯ್ಯಾ, ದಿನಾ ನಿನ್ನದೊಂದು ಮೆರವಣಿಗೆ? ನನ್ನ ಗದ್ದೆ ನಟ್ಟನಡುವೆ ಇದೆ. ಇಲ್ಲಿ ಇಣುಕಿದರೆ ಊರಿನ ಲೆಕ್ಕವೆಲ್ಲ ಸಿಗುತ್ತದಲ್ಲ?”

“ಸಿಗುತ್ತೆ ಯಜಮಾನ್ರೆ, ನಿಮ್ಮ ಗದ್ದೆಯ ಲೆಕ್ಕ” ಎಂದ ನೀರುಗಂಟಿ. ಮಾತು ಹಾಗೆ ಆಡಿದನೇ ಹೊರತು, ಕಾಲು ನೋಯುತ್ತಿತ್ತು. ಅಂದಿನಿಂದ ನಡುಗದ್ದೆಯಲ್ಲೇ ಇಣುಕಿ ಮನೆಗೆ ಹೋಗತೊಡಗಿದ.

ಹನ್ನೊಂದನೆಯ ದಿನ ಮುದುಕಿ ಬಂದಳು. “ಮಗಾ, ನನ್ನ ಪೈರು ಬಾಡ್ತಾ ಇದೆ” ಎಂದಳು. ಅವನು ನಾಚಿ ಅವಳ ಹಿಂದೆ ನಡೆದ. ನಡುಗದ್ದೆಯಿಂದ ಕೂಗಳತೆ ದೂರದಲ್ಲಿ, ಕಾಲುವೆಯ ದಂಡೆಯಲ್ಲಿ ಏಡಿಯ ಬಿಲ.

ಇಲ್ಲಿ ಮೇಷ್ಟ್ರು ತಡೆದರು. “ಆ ಊರಿನ ಏಡಿ ಎಂದರೆ ಸಾಮಾನ್ಯ ಅಂದುಕೊಳ್ಳಬೇಡ. ಒಂದು ಏಡಿ ನನ್ನ ಸೈಕಲ್ಲಿನ ಬೆಲ್ಲನ್ನೇ ಬಿಚ್ಚಿಕೊಂಡು ಹೋಗಿ ತನ್ನ ಬಿಲದ ಬಾಗಿಲಿಗೆ ಹಾಕಿಕೊಂಡಿತ್ತು. ಒಳಗೆ ಹೋಗಬೇಕಾದರೆ ನಾನೇ ಬೆಲ್ ಮಾಡಬೇಕಾಯಿತು.” ಕಮಲಾಕ್ಷಿ ಮೂರು ದಿನಗಳ ಬಳಿಕ ನಕ್ಕಳು. ಮೇಷ್ಟ್ರು ಮುಂದುವರಿಸಿದರು.

ಬಿಲ ಕೊಡದ ಬಾಯಿಯಷ್ಟು ಅಗಲವಾಗಿತ್ತು. ನೀರೆಲ್ಲ ಹಳ್ಳಕ್ಕೆ ಹರಿಯುತ್ತಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ದಂಡೆಯೇ ಕಿತ್ತುಹೋಗಿ, ಕಾಲುವೆಯ ನೀರಿನ ಮಟ್ಟ ಇಳಿದು ನಡುಗದ್ದೆಯೂ ಒಣಗುತ್ತಿತ್ತು. ನೀರುಗಂಟಿ ಕಲ್ಲು ಮಣ್ಣು ತುಂಬಿ ಬಿಲ ಮುಚ್ಚಿದ. ಸಂಜೆಯ ಹೊತ್ತಿಗೆ ಮುದುಕಿಯ ಗದ್ದೆಯಲ್ಲಿ ಹಿಮ್ಮಡಿ ಮುಳುಗಿತು.

ಕೊಯ್ಲಿನಲ್ಲಿ ಪ್ರತಿ ಗದ್ದೆಯವರೂ ನೀರುಗಂಟಿಗೆ ಒಂದು ಹೊರೆ ಪೈರು ಕೊಡುವುದು ಆ ಊರಿನ ವಾಡಿಕೆ. ಆ ವರ್ಷ ಅವನು ತನಗೆ ಬಂದ ಮೊದಲ ಹೊರೆಯನ್ನು ಹೊತ್ತುಕೊಂಡು ಹೋಗಿ ಮುದುಕಿಯ ಬಾಗಿಲಲ್ಲಿ ಇಳಿಸಿದ.

“ನೀರು ಕೊಟ್ಟೋನು ನೀನು. ನನಗ್ಯಾಕಪ್ಪ ಇದು?” ಎಂದಳು ಮುದುಕಿ.

“ಕಾಲುವೆ ಎಲ್ಲಿವರೆಗೂ ಇದೆ ಅಂತ ಮರೆತಿದ್ದೆ ತಾಯಿ. ನೀನು ನೆನಪು ಮಾಡಿದೆ” ಎಂದು ಅವನು ಕೈಮುಗಿದ.

ಕತೆ ಮುಗಿಯಿತು. ಕಮಲಾಕ್ಷಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅವಳೂ ಕೈಮುಗಿದಳು. “ತಿಳಿಯಿತು ಮಾವ. ಆ ಸಂಖ್ಯೆಯನ್ನು ಅಳಿಸುವುದಿಲ್ಲ. ನಾಳೆಯೇ ಇನ್ನೊಂದು ಹಾಳೆ ಅಂಟಿಸಿ ಮೀಸೆಯನ್ನು ಪೂರ್ತಿ ಬಿಡಿಸುತ್ತೇನೆ.”

“ಬಿಡಿಸು ತಾಯಿ, ಆದರೆ ಆ ತೊಂಬತ್ತೈದು ನಿಮಿಷದ ದಾರಿಯನ್ನು ನೀನು ಒಂದು ಸಲವಾದರೂ ನಡೆದಿದ್ದೀಯಾ?” ಎಂದರು ಮೇಷ್ಟ್ರು.

ಕಮಲಾಕ್ಷಿ ಮುಗಿದ ಕೈ ಇಳಿಸಿ, ಗುಡ್ಡದಾಚೆಯ ಹಟ್ಟಿಗೆ ದಾರಿ ಯಾವುದೆಂದು ಕೇಳಿದಳು.