ಕೇದಾರಕ್ಕೆ ಹೊರಟ ಬೂಟು

೧೯೮೭, ಏಪ್ರಿಲ್ ಹನ್ನೊಂದು, ಶನಿವಾರ. ಬೆಳಗಿನಿಂದ ಮೋಡ. ಮಳೆಯಿಲ್ಲ, ಗಾಳಿಯೂ ಇಲ್ಲ.

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಶಂಭಯ್ಯ ಅಜ್ಜಾರು ಕಟ್ಟೆಯ ಮೇಲೆ ಕುಳಿತಿದ್ದರು. ಶಿಷ್ಯ ಚನ್ನವೀರ ಹೊಸ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ಗುರುಗಳ ಎದುರು ಕಾಲಿಗೆ ಮೆಟ್ಟಿಕೊಂಡು ನಿಲ್ಲಲು ಅವನಿಗೆ ಸಂಕೋಚ. ಹಾಕಿಕೊಂಡು ಬಾ ಎಂದವರು ಅಜ್ಜಾರೇ.

ಇನ್ನು ಹತ್ತು ದಿನಕ್ಕೆ ಅವನು ಕೇದಾರಕ್ಕೆ ಹೊರಡಬೇಕಿತ್ತು. ಜೊತೆಗೆ ಆಶ್ರಮದ ಅಡುಗೆಮನೆಯ ಗೌರವ್ವ. ಎಪ್ಪತ್ತು ದಾಟಿದ ಆಕೆಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಬ್ಬಾಗುತ್ತಿತ್ತು. ಅದೂ ಹೋಗುವುದರೊಳಗೆ ಕೇದಾರನಾಥನನ್ನು ನೋಡಬೇಕೆಂಬುದೊಂದೇ ಆಕೆಯ ಆಸೆ. ಬೆಟ್ಟದ ದಾರಿಯಲ್ಲಿ ಆಕೆಯ ಕೈ ಹಿಡಿದು ನಡೆಸುವ ಹೊಣೆ ಚನ್ನವೀರನದು.

"ಹ್ಯಾಂಗ ಅದಾವೋ ಬೂಟು?"

"ಚಲೋ ಅದಾವ್ರಿ ಅಜ್ಜಾರ."

"ಬೆರಳು?"

"ಅವೂ ಚಲೋ ಅದಾವ್ರಿ."

ಅಜ್ಜಾರು ನದಿಯ ಕಡೆ ನೋಡಿದರು. ದಂಡೆಯಿಂದ ನೀರಿಗೆ ನಲವತ್ತು ಮೆಟ್ಟಿಲು.

"ಕೆಳಗ ಹೋಗಿ ಒಂದು ತಂಬಿಗಿ ನೀರು ತಾ."

"ಬೂಟು ಕಳದು ಹೋಗ್ಲೇನ್ರಿ?"

"ಹಾಕ್ಕೊಂಡ ಹೋಗು."

ಚನ್ನವೀರ ನೀರು ತಂದ. ಅಜ್ಜಾರು ಅದನ್ನು ಬಿಲ್ವಪತ್ರೆಯ ಗಿಡಕ್ಕೆ ಸುರಿದು ತಂಬಿಗೆ ಚಾಚಿದರು.

"ಇನ್ನೊಂದು."

ನಾಲ್ಕನೆಯ ಸಲ ಅವನು ಮೆಟ್ಟಿಲನ್ನು ಅಡ್ಡಡ್ಡಲಾಗಿ ಇಳಿದ. ಆರನೆಯ ಸಲ ಇಳಿಯುತ್ತಾ ನಡುವೆ ಒಮ್ಮೆ ಕುಳಿತ.

ಅಡುಗೆಮನೆಯ ಬಾಗಿಲಿನಿಂದ ಗೌರವ್ವ ಕೂಗಿದಳು. "ಸಾಕ್ ಮಾಡ್ರಿ ಅಜ್ಜಾರ, ಇನ್ನೊಂದು ತಂಬಿಗಿ ಹಾಕಿದ್ರ ಆ ಗಿಡ ಈಸು ಕಲೀತದ!"

ಚನ್ನವೀರ ಮೇಲೆ ಬಂದ. ಅಜ್ಜಾರು ತಂಬಿಗೆಯನ್ನು ಪಕ್ಕಕ್ಕಿಟ್ಟರು.

"ಹತ್ತುವಾಗ ಎಲ್ಲಾ ಬೂಟೂ ಹಿತ. ಇಳಿಯುವಾಗ ಅದರ ಗುಣ ತಿಳೀತದ. ಕಳಿ."

ಎರಡೂ ಹೆಬ್ಬೆರಳಿನ ಉಗುರುಗಳು ಕೆಂಪಾಗಿ ಕಂದಿದ್ದವು.

ಅಜ್ಜಾರು ಬೂಟು ಹೊಲಿದ ದುರಗಪ್ಪನಿಗೆ ಹೇಳಿಕಳುಹಿಸಿದರು. ಅವನು ಕೈಚೀಲದೊಂದಿಗೆ ಬಂದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ಅಳತಿ ತಗೊಂಡಿದ್ದೇನೋ ದುರಗಪ್ಪ?"

"ಎಲ್ಲೀ ಅಳತಿರಿ! ಹಾಳಿ ಹಾಸಿದೆ. ಇದರ ಮ್ಯಾಲೆ ನಿಂದರ್ರಿ, ಕಾಲಿನ ಸುತ್ತ ಗೆರಿ ಹೊಡೀತೇನಿ ಅಂದೆ. ಈ ಸಣ್ಣ ಸ್ವಾಮ್ಯಾರು ಹಾಳಿ ಎತ್ತಿ ಕಣ್ಣಿಗೆ ಒತ್ತಿಕೊಂಡ್ರು. ಹಾಳಿ ಅಂದ್ರ ಸರಸ್ವತಿ, ಕಾಲಿಡಬಾರದು ಅಂದ್ರು. ಹಳೀ ಚಪ್ಪಲಿ ಕೊಟ್ಟು, ಇದರ ಅಳತಿಗೇ ಹೊಲಿ ಅಂದ್ರು. ಚಪ್ಪಲಿಗೆ ಬೆರಳು ಎಲ್ಲದಾವ್ರಿ ಅಜ್ಜಾರ?"

ಚನ್ನವೀರ ತಲೆ ತಗ್ಗಿಸಿದ.

"ದಿನಾ ಹಾಕ್ಕೊಂಡ್ರ ಹಿಗ್ಗತಾವ್ರಿ," ಅಂದ.

"ತೊಗಲು ಅಗಲಕ್ಕ ಹಿಗ್ಗತದ. ಉದ್ದಕ್ಕ ಬೆಳಿಯೂದಿಲ್ಲ," ಅಂದ ದುರಗಪ್ಪ.

"ಹಂಗಾದ್ರ ಸಹಿಸ್ತೀನ್ರಿ. ಸಾಧನಾ ಮಾಡಾವಗ ಅಷ್ಟೂ ಆಗದಿದ್ರ ಹ್ಯಾಂಗ?"

"ನೀ ಸಹಿಸ್ತಿ," ಅಂದರು ಅಜ್ಜಾರು. "ನೀ ಕುಂತಲ್ಲೇ ಗೌರವ್ವನೂ ಕುಂದ್ರಬೇಕೇನು?"



ಅಜ್ಜಾರು ದುರಗಪ್ಪನ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ನೆಲಕ್ಕೆ ಹಾಸಿದರು. ತಾವೇ ಅದರ ಮೇಲೆ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದರು.

"ಬಾ."

"ಅಜ್ಜಾರ, ಅದು ನಿಮ್ಮ ಪಾದ ಸೋಕಿದ ಹಾಳಿ. ಈಗಂತೂ ನನ್ನ ಕೈಲೆ ಆಗೂದಿಲ್ರಿ."

ದುರಗಪ್ಪ ನಗು ತಡೆಯಲಾರದೆ ಕೆಮ್ಮಿದ.

"ಬ್ಯಾರೆ ಹಾಳಿ ಹಾಸೋ ದುರಗಪ್ಪ," ಅಂದರು ಅಜ್ಜಾರು. "ಇವನ ಭಕ್ತಿಗೆ ನಿನ್ನ ಚೀಲ ಖಾಲಿ ಆಗ್ತದ."

"ಹಾಸ್ತೇನ್ರಿ. ಆದ್ರ ಸಂಜೀಮುಂದ ತಗೊಂಡ್ರ ಚಲೋ. ನಡೆದ ಮ್ಯಾಲೆ ಕಾಲು ಅರಳಿರತಾವ."

"ಆರು ಸಲ ಹೊಳಿಗೆ ಇಳಿದು ಹತ್ತ್ಯಾನ. ಅರಳ್ಯಾವ, ತಗೋ."

ದುರಗಪ್ಪ ಹೊಸ ಹಾಳೆ ಹಾಸಿದ. ಚನ್ನವೀರ ಅದರ ಅಂಚಿಗೆ ಬಂದು ನಿಂತ. ಕಾಲು ಮೇಲೇಳಲಿಲ್ಲ.

"ಅಜ್ಜಾರ, ನೀವು ಕೇದಾರಕ್ಕ ಹೋದಾಗ ಬೂಟು ಹೊಲಿಸಿದ್ರೇನ್ರಿ?"

"ಇಲ್ಲ. ಒಬ್ಬ ಸಾಹುಕಾರರು ತಮ್ಮವು ದಾನ ಕೊಟ್ರು. ಬಿಗಿ ಇದ್ವು. ದಾನ ಕೊಟ್ಟಿದ್ದಕ್ಕ ಕೊಂಕು ತಗೀಬಾರದು ಅಂತ ಸುಮ್ಮನ ಹಾಕ್ಕೊಂಡೆ."

"ಆಮ್ಯಾಲೆ?"

"ಬೆಟ್ಟದಾಗ ಕಾಲು ಕೀವಾತು. ಅರ್ಧ ಹಾದ್ಯಾಗ ಕುಂತುಬಿಟ್ಟೆ. ಜೋಡಿ ನಮ್ಮೂರ ನೇಕಾರ ರೇವಪ್ಪ ಇದ್ದ. ಹನ್ನೆರಡು ವರ್ಷದಿಂದ ಆ ಯಾತ್ರಾಕ್ಕ ಕಾದಾವ. ಹಿಮಾ ಬೀಳಾಕ ಹತ್ತಿತ್ತು. ಮೂರು ದಿನಕ್ಕ ಗುಡಿ ಬಾಗಿಲಾ ಹಾಕೂದಿತ್ತು, ಆರು ತಿಂಗಳ ತನಕ."

ಚನ್ನವೀರ ಅಡುಗೆಮನೆಯ ಕಡೆ ನೋಡಿದ. ಗೌರವ್ವ ಕಣ್ಣಿನ ಹತ್ತಿರಕ್ಕೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

ಅವನು ಹಾಳೆಯ ಮೇಲೆ ಬಲಗಾಲಿಟ್ಟ. ಆಮೇಲೆ ಎಡಗಾಲು.

"ಭಾರ ಬಿಟ್ಟು ನಿಂದರ್ರಿ," ಅಂದ ದುರಗಪ್ಪ. ಅವನ ಪೆನ್ಸಿಲು ಹಿಮ್ಮಡಿಯಿಂದ ಹೊರಟು ಬೆರಳುಗಳ ಸುತ್ತ ನಿಧಾನವಾಗಿ ಸಾಗಿತು. ತಲೆ ಎತ್ತದೆಯೇ ಅವನು ಕೇಳಿದ. "ಅಂತೂ ನಿಮಗ ಬೂಟು ಪುಕ್ಕಟ ಬಂದಾಂಗಾತು, ಅಲ್ರೀ ಅಜ್ಜಾರ?"

"ನನಗ ಪುಕ್ಕಟ," ಅಂದರು ಅಜ್ಜಾರು. "ರೇವಪ್ಪ ನನ್ನನ್ನ ತನ್ನ ಬೆನ್ನ ಮ್ಯಾಲೆ ಹೊತಗೊಂಡು ಕೆಳಗಿಳದ. ಬರೂ ವರ್ಷ ಹೋದ್ರಾತು ಅಂದ. ಆ ಚಳಿಗಾಲದಾಗ ತೀರಿಕೊಂಡ. ಅಂವ ಕೇದಾರ ನೋಡಲಿಲ್ಲ."